ನೊರೆಯ ಪರೀಕ್ಷೆ ಯಾರ ಮೈಮೇಲೆ?

ಹಿಂದೆ ಸೋಪು ಕಾಯಿಸುವವರ ಬಳಿ ಪ್ರಯೋಗಾಲಯ ಇರಲಿಲ್ಲ, ನಾಲಿಗೆ ಇತ್ತು. ಕೊಬ್ಬು ಮತ್ತು ಕ್ಷಾರ ಕುದಿದು ಸೋಪಾದ ಮೇಲೆ ಅದರ ಒಂದು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದರು. ಚುರುಕ್ ಎಂದರೆ ಕ್ಷಾರ ಇನ್ನೂ ಉಳಿದಿದೆ, ಸುಮ್ಮನಿದ್ದರೆ ಸೋಪು ಸಿದ್ಧ. ತಪ್ಪು ಮಾಡಿದವನದೇ ನಾಲಿಗೆ ಸುಡುತ್ತಿತ್ತು. ಬೇಸಿನ್ ಪಕ್ಕದಲ್ಲಿ ಇಂದು ಕೂತಿರುವ ಹ್ಯಾಂಡ್‌ವಾಶ್ ಬಾಟಲಿಯ ಇತಿಹಾಸ ಎಂದರೆ, ಈ ಪರೀಕ್ಷೆ ಮಾಡಿದವನ ಮೈಯಿಂದ ಬೇರೆಯವರ ಮೈಗೆ ದಾಟಿದ ಇತಿಹಾಸವೂ ಹೌದು.

ದ್ರವರೂಪದ ಸೋಪು ಹೊಸದೇನಲ್ಲ. ಸೋಡಾ ಕ್ಷಾರದಿಂದ ಗಟ್ಟಿ ಸೋಪು ಬರುತ್ತದೆ, ಪೊಟ್ಯಾಶ್ ಕ್ಷಾರದಿಂದ ಮೆತ್ತನೆಯದು ಬರುತ್ತದೆ. ನ್ಯೂಯಾರ್ಕಿನ ವಿಲಿಯಂ ಶೆಪರ್ಡ್ 1865ರಲ್ಲೇ ದ್ರವ ಸೋಪಿಗೆ ಪೇಟೆಂಟ್ ಪಡೆದಿದ್ದ. ನಮ್ಮಲ್ಲಿ ಅಂಟುವಾಳ, ಸೀಗೆಕಾಯಿಗಳ ನೊರೆನೀರು ಅದಕ್ಕೂ ಎಷ್ಟೋ ಹಿಂದಿನದು. ಆದರೆ ಕೊಬ್ಬಿನಿಂದ ಮಾಡಿದ ಸೋಪಿಗೆ ಗಡಸು ನೀರು ಆಗದು. ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಅದು ಬಿಳಿ ಕಿಟ್ಟವಾಗಿ ಬಕೆಟ್ಟಿನ ಅಂಚಿಗೆ ಹತ್ತುತ್ತದೆ. ಬೋರ್‌ವೆಲ್ ನೀರಿನಲ್ಲಿ ಸ್ನಾನ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಾರಿ ತೆರೆದದ್ದು ಜರ್ಮನಿಯಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಕೊಬ್ಬಿಗೆ ಬರ ಬಂತು, ಸೋಪಿಗೆ ಬದಲಿ ವಸ್ತು ಹುಡುಕುವುದು ಅನಿವಾರ್ಯವಾಯಿತು. 1928ರಲ್ಲಿ ಕೆಮ್ನಿಟ್ಸ್ ಊರಿನ ಬೋಮೆ ಕಂಪನಿಯ ರಸಾಯನಶಾಸ್ತ್ರಜ್ಞ ಹೈನ್ರಿಖ್ ಬೆರ್ಟ್‌ಶ್ ಕೊಬ್ಬಿನ ಆಲ್ಕೋಹಾಲನ್ನು ಸಲ್ಫೇಟ್ ಆಗಿ ಪರಿವರ್ತಿಸಿ, ಗಡಸು ನೀರಿಗೂ ಜಗ್ಗದ ತೊಳೆಯುವ ವಸ್ತು ಮಾಡಿದ. ಅಮೆರಿಕದಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಇದೇ ರಸಾಯನದಿಂದ 1933ರಲ್ಲಿ ಡ್ರೆಫ್ಟ್ ಪುಡಿಯನ್ನೂ 1934ರಲ್ಲಿ ಡ್ರೀನ್ ಶಾಂಪೂವನ್ನೂ ತಂದಿತು. ಇಂದಿನ ಬಾಡಿವಾಶ್ ಈ ವಂಶದ್ದೇ. ಸೋಪು ಎಂದು ನಾವು ಕರೆಯುವ ಈ ದ್ರವಗಳಲ್ಲಿ ಹೆಚ್ಚಿನವು ರಸಾಯನಶಾಸ್ತ್ರದ ಪ್ರಕಾರ ಸೋಪೇ ಅಲ್ಲ.

ಹೊಸ ವಸ್ತುವಿನ ಮುಂದೆ ಹಳೆಯ ನಾಲಿಗೆ ಸೋತಿತು. ಮಂದವಾಗಿದ್ದರೆ ಸತ್ವ ಹೆಚ್ಚು ಎಂದು ಕೊಳ್ಳುವವರು ನಂಬುತ್ತಾರೆ. ಆದರೆ ಇಂಥ ದ್ರವಕ್ಕೆ ಸ್ವಲ್ಪ ಅಡುಗೆ ಉಪ್ಪು ಹಾಕಿದರೆ ಸಾಕು, ಅದು ಜೇನಿನಂತಾಗುತ್ತದೆ. ಉಪ್ಪು ಅಳತೆ ಮೀರಿದರೆ ಮತ್ತೆ ನೀರಾಗುತ್ತದೆ. ನೊರೆ ಹೆಚ್ಚಿದ್ದರೆ ಕೊಳೆ ಚೆನ್ನಾಗಿ ಹೋಗುತ್ತದೆ ಎಂಬುದೂ ಅಷ್ಟೇ ದುರ್ಬಲ ನಂಬಿಕೆ. ಆಮ್ಲತೆಯ ಲೆಕ್ಕವೂ ಸಾಲಲಿಲ್ಲ. ಚರ್ಮದ ಮೇಲೆ ತೆಳುವಾದ ಆಮ್ಲೀಯ ಹೊದಿಕೆ ಇದೆಯೆಂದು ಶಾಡೆ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನ್ ವೈದ್ಯರು 1928ರಲ್ಲೇ ಬರೆದಿದ್ದರು. ಸೋಪಿನ ಪಿಎಚ್ 9-10ರ ಆಸುಪಾಸು, ಹೊಸ ದ್ರವವನ್ನು ಚರ್ಮದ 5.5ರ ಹತ್ತಿರಕ್ಕೆ ತರಬಹುದಿತ್ತು. ಆದರೂ ಸಲ್ಫೇಟ್ ಚರ್ಮದ ಜಿಡ್ಡನ್ನು ಸೆಳೆದು, ಅದರ ಪ್ರೋಟೀನನ್ನು ಕೆಣಕಿ ಉರಿ ತರಿಸುತ್ತಿತ್ತು. ಹಾಗಾದರೆ ಯಾವ ದ್ರವ ಸೌಮ್ಯ ಎಂದು ತಿಳಿಯುವುದು ಹೇಗೆ?

ಮೊದಲ ಉತ್ತರ ಮೊಲದ ಕಣ್ಣು. 1930ರ ದಶಕದಲ್ಲಿ ರೆಪ್ಪೆಗೆ ಹಚ್ಚುವ ಬಣ್ಣವೊಂದರಿಂದ ಅಮೆರಿಕದ ಹೆಂಗಸರು ಕಣ್ಣು ಕಳೆದುಕೊಂಡಿದ್ದರು. 1938ರಲ್ಲಿ ಅಲ್ಲಿ ಕಾನೂನು ಬಿಗಿಯಾಯಿತು. 1944ರಲ್ಲಿ ಸರ್ಕಾರದ ಆಹಾರ ಮತ್ತು ಔಷಧ ಆಡಳಿತದ ಜಾನ್ ಡ್ರೇಜ್ ಒಂದು ಕ್ರಮ ರೂಪಿಸಿದ. ಮೊಲದ ಒಂದು ಕಣ್ಣಿಗೆ ವಸ್ತುವನ್ನು ಹಾಕಿ, ಇನ್ನೊಂದನ್ನು ಹೋಲಿಕೆಗೆ ಬಿಟ್ಟು, ಕೆಂಪಾಗುವುದಕ್ಕೂ ಊದಿಕೊಳ್ಳುವುದಕ್ಕೂ ಅಂಕ ಕೊಡುವುದು. ಮುಂದಿನ ದಶಕಗಳಲ್ಲಿ ಶಾಂಪೂ, ಸೋಪುಗಳೆಲ್ಲ ಈ ಕಣ್ಣಿನ ಮೂಲಕವೇ ಹಾದು ಬಂದವು.

ಎರಡನೆಯ ಉತ್ತರ ಕೈದಿಯ ಬೆನ್ನು. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ 1951ರಿಂದ 1974ರವರೆಗೆ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ನೇತೃತ್ವದಲ್ಲಿ ಶಾಂಪೂವಿನಿಂದ ಹಿಡಿದು ವಿಷಕಾರಿ ಡಯಾಕ್ಸಿನ್‌ವರೆಗೆ ಅನೇಕ ವಸ್ತುಗಳನ್ನು ಕೈದಿಗಳ ಮೈಮೇಲೆ ಪರೀಕ್ಷಿಸಲಾಯಿತು. ಕೈದಿಗಳಲ್ಲಿ ಬಹುಪಾಲು ಕಪ್ಪು ಜನ. ಸಿಗುತ್ತಿದ್ದುದು ಕೆಲವು ಡಾಲರ್. ಏನನ್ನು ಹಚ್ಚುತ್ತಿದ್ದಾರೆಂದು ಅನೇಕರಿಗೆ ಗೊತ್ತೇ ಇರಲಿಲ್ಲ. ನಗರಾಡಳಿತ ಇದಕ್ಕೆ ಕ್ಷಮೆ ಕೇಳಿದ್ದು 2022ರಲ್ಲಿ. ಇದೇ ಕ್ಲಿಗ್ಮನ್, ಪೀಟರ್ ಫ್ರಾಶ್ ಜೊತೆ 1979ರಲ್ಲಿ ಪ್ರಕಟಿಸಿದ 'ಸೋಪ್ ಚೇಂಬರ್' ಪರೀಕ್ಷೆ ಸೌಮ್ಯತೆಯ ಅಳತೆಗೋಲಾಯಿತು. ಸೋಪಿನ ದ್ರಾವಣವನ್ನು ಸಣ್ಣ ಬಟ್ಟಲಿನಲ್ಲಿ ಮುಂಗೈಗೆ ಕಟ್ಟಿ, ಐದು ದಿನ ಹೀಗೆಯೇ ಮಾಡಿ, ಚರ್ಮ ಎಷ್ಟು ಕೆಂಪಾಯಿತು, ಎಷ್ಟು ಒಡೆಯಿತು ಎಂದು ನೋಡುವುದು. ಸೌಮ್ಯವೆಂದು ಹೆಸರಾದ ಸೋಪುಗಳೂ ಒಂದಕ್ಕೊಂದು ಎಷ್ಟು ಬೇರೆ ಎಂದು ಅದು ತೋರಿಸಿತು.

ಮೂರನೆಯದನ್ನು ಯಾರೂ ಪರೀಕ್ಷೆ ಎಂದು ಕರೆಯಲಿಲ್ಲ. 1950-60ರ ದಶಕಗಳಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಶೇ 3ರಷ್ಟು ಹೆಕ್ಸಾಕ್ಲೋರೋಫೀನ್ ಇದ್ದ ಫೈಸೋಹೆಕ್ಸ್ ಎಂಬ ದ್ರವದಿಂದ ಸ್ನಾನ ಮಾಡಿಸುತ್ತಿದ್ದರು. ಸೋಂಕು ತಡೆಯುವುದೇ ಉದ್ದೇಶ. ಈ ರಾಸಾಯನಿಕ ಮಿದುಳಿಗೆ ಹಾನಿ ಮಾಡುತ್ತದೆಂದು ಇಲಿ ಮತ್ತು ಮಂಗಗಳ ಪ್ರಯೋಗ ತೋರಿಸಿದ ಮೇಲೆ, 1971ರ ಡಿಸೆಂಬರಿನಲ್ಲಿ ಸರ್ಕಾರ ಎಚ್ಚರಿಕೆ ಕೊಟ್ಟಿತು. ಮರುವರ್ಷ ಫ್ರಾನ್ಸಿನಲ್ಲಿ ತಪ್ಪಾಗಿ ಶೇ 6ರಷ್ಟು ಅದೇ ವಸ್ತು ಬೆರೆತ ಮೋರಾಂಜ್ ಟಾಲ್ಕಂ ಪೌಡರಿನಿಂದ 36 ಶಿಶುಗಳು ಸತ್ತವು. ಪ್ರಾಣಿಪ್ರಯೋಗದ ವಿರುದ್ಧ ಮಾತಾಡುವವರು ಈ ಅಧ್ಯಾಯವನ್ನು ದಾಟಿ ಹೋಗುವಂತಿಲ್ಲ. ಎಚ್ಚರಿಸಿದ್ದು ಪ್ರಾಣಿಗಳೇ, ಆದರೆ ಅವುಗಳ ಮೇಲಿನ ಪ್ರಯೋಗ ನಡೆದದ್ದು ಎಷ್ಟೋ ಶಿಶುಗಳಿಗೆ ಆ ದ್ರವದ ಸ್ನಾನವಾದ ಮೇಲೆ.

1980ರ ಹೊತ್ತಿಗೆ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಮಿನೆಸೋಟದ ರಾಬರ್ಟ್ ಟೇಲರ್ ಸಾಫ್ಟ್‌ಸೋಪ್ ಎಂಬ ಪಂಪ್ ಬಾಟಲಿಯನ್ನು ದೇಶದ ತುಂಬ ಮಾರಾಟಕ್ಕೆ ತಂದ. ದೊಡ್ಡ ಕಂಪನಿಗಳು ನಕಲು ಮಾಡದಿರಲೆಂದು 10 ಕೋಟಿ ಪ್ಲಾಸ್ಟಿಕ್ ಪಂಪುಗಳನ್ನು ಮೊದಲೇ ಕಾಯ್ದಿರಿಸಿಬಿಟ್ಟ. ಅದೇ ವರ್ಷ ಹೆನ್ರಿ ಸ್ಪೈರಾ ಪತ್ರಿಕೆಯಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟು, ಮೊಲಗಳ ಕಣ್ಣಿನ ಲೆಕ್ಕವನ್ನು ರೆವ್ಲಾನ್ ಕಂಪನಿಗೆ ಕೇಳಿದ. ಕೊನೆಗೆ 2013ರಲ್ಲಿ ಯುರೋಪ್ ಒಕ್ಕೂಟ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟವನ್ನು ಪೂರ್ತಿ ನಿಲ್ಲಿಸಿತು, 2014ರಲ್ಲಿ ಭಾರತವೂ ಅಂಥ ಪರೀಕ್ಷೆಯನ್ನು ನಿಷೇಧಿಸಿತು. ಈಗ ಮೊಟ್ಟೆಯೊಳಗಿನ ಪೊರೆ, ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮ, ಮೆಕ್ಕೆಜೋಳದ ಪ್ರೋಟೀನ್ ಎಷ್ಟು ಕರಗುತ್ತದೆ ಎಂಬ ಅಳತೆ, ಇವು ಮೊಲದ ಕೆಲಸ ಮಾಡುತ್ತವೆ.

ಪರೀಕ್ಷೆ ಮುಗಿಯಿತೆಂದಲ್ಲ. ಬ್ಯಾಕ್ಟೀರಿಯಾ ಕೊಲ್ಲುತ್ತದೆಂದು ಹ್ಯಾಂಡ್‌ವಾಶ್‌ಗೆ ಸೇರಿಸುತ್ತಿದ್ದ ಟ್ರೈಕ್ಲೋಸಾನ್ ಮನೆಬಳಕೆಯಲ್ಲಿ ಸಾದಾ ಸೋಪು-ನೀರಿಗಿಂತ ಮೇಲು ಎಂದು ಕಂಪನಿಗಳು ತೋರಿಸಲಾಗಲಿಲ್ಲ. 2016ರಲ್ಲಿ ಅಮೆರಿಕ ಅದನ್ನೂ ಇನ್ನು 18 ವಸ್ತುಗಳನ್ನೂ ಇಂಥ ಸೋಪುಗಳಿಂದ ತೆಗೆಸಿತು. ಅಷ್ಟರಲ್ಲಿ ಅದು ಕೋಟ್ಯಂತರ ಕೈಗಳನ್ನು ಮುಟ್ಟಿಯಾಗಿತ್ತು.

ಕೊನೆಯ ಪರೀಕ್ಷೆ ಮನೆಯಲ್ಲೇ ನಡೆಯುತ್ತದೆ. ದ್ರವದಲ್ಲಿ ನೀರೇ ಹೆಚ್ಚು, ನೀರಿದ್ದಲ್ಲಿ ಸೂಕ್ಷ್ಮಾಣು ಬೆಳೆಯುತ್ತದೆ. ಅದಕ್ಕೆ ಸಂರಕ್ಷಕ ಬೆರೆಸುತ್ತಾರೆ. ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರವನ್ನು ಬೇಕೆಂದೇ ಬಿಟ್ಟು, 28 ದಿನಗಳಲ್ಲಿ ಅವು ಸಾಯುತ್ತವೆಯೇ ಎಂದು ಎಣಿಸುತ್ತಾರೆ. ಆ ಲೆಕ್ಕ ಬಾಟಲಿಯಲ್ಲಿರುವ ಅಳತೆಗೆ ಮಾತ್ರ. ತಳಕ್ಕೆ ಬಂದ ಹ್ಯಾಂಡ್‌ವಾಶ್‌ಗೆ ನೀರು ಸುರಿದು ಕುಲುಕಿ ಇನ್ನೊಂದು ವಾರ ಎಳೆಯುವ ನಮ್ಮ ಮನೆ, ಹೋಟೆಲು, ಕಚೇರಿಗಳ ಜಾಣತನದಲ್ಲಿ ಸಂರಕ್ಷಕವೂ ತೆಳುವಾಗುತ್ತದೆ. ಅರ್ಧ ಖಾಲಿಯಾದ ಡಿಸ್ಪೆನ್ಸರಿಗೆ ಮೇಲಿಂದ ಸುರಿಯಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಆಸ್ಪತ್ರೆಗಳಿಗೆ 2002ರಲ್ಲೇ ಹೇಳಿದ್ದು ಇದೇ ಭಯಕ್ಕೆ. ನೀರು ಬೆರೆಸಿದ ಆ ದ್ರವವನ್ನು ಯಾವ ಪ್ರಯೋಗಾಲಯವೂ ನೋಡಿರುವುದಿಲ್ಲ. ಅದನ್ನು ಮೊದಲು ಪರೀಕ್ಷಿಸುವುದು ಊಟಕ್ಕೆ ಮುಂಚೆ ಕೈ ತೊಳೆಯಲು ಬಂದ ಮಗು.