ಬೆಣ್ಣೆ ಚಾವಡಿಯೂ ಹಂದಿ ಮರಿಯೂ

ಮೊನ್ನೆ ಪಾಂಡವಪುರದ ಕಡೆ ಹಂದಿ ಸಾಕೋ ಗೆಳೆಯನ ಹತ್ರ ಹೋಗಿದ್ದೆ. ಹನ್ನೊಂದು ಮರಿಗಳಲ್ಲಿ ಮೂರನೇ ದಿನಕ್ಕೆ ಉಳಿದದ್ದು ಏಳು. ಎರಡು ತಾಯಿಯ ಮೈಯಡಿ ಸಿಕ್ಕಿ ಸತ್ತವಂತೆ, ಎರಡು ಚಳಿಗೆ. "ಹಂದಿ ಅಂದ್ರೆ ಹಿಂಗೇ ಕಣೋ" ಅಂದ. ನನಗ್ಯಾಕೋ ಆ ಮಾತು ಒಪ್ಪಿಗೆಯಾಗಲಿಲ್ಲ...

ಹತ್ತಿರದ ಶ್ರೀರಂಗಪಟ್ಟಣದ ಇತಿಹಾಸ ಬೇರೆಯೇ ಹೇಳುತ್ತೆ. ಚಿಕ್ಕದೇವರಾಜ ಒಡೆಯರು (1673-1704) ದನ ಸಾಕಲು 'ಬೆಣ್ಣೆ ಚಾವಡಿ' ಅನ್ನೋ ಇಲಾಖೆಯನ್ನೇ ಮಾಡಿದ್ದರು. ಟಿಪ್ಪು ಅದನ್ನು ಅಮೃತ ಮಹಲ್ ಅಂತ ಕರೆದ. ಫಿರಂಗಿ ಎಳೆಯೋ ಎತ್ತುಗಳು ಅಲ್ಲಿಂದಲೇ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರದಾಯ್ತು. ಸರಿಯಾಗಿ ನೋಡುವವರಿಲ್ಲದೆ ಸೊರಗಿತು. 1813ರಲ್ಲಿ ಕ್ಯಾಪ್ಟನ್ ಹಾರ್ವೆ ವಹಿಸಿಕೊಂಡ ಮೇಲೆ ಚೇತರಿಸಿತು. 1860ರಲ್ಲಿ ಖರ್ಚು ಉಳಿಸೋಕೆ ಹಿಂಡನ್ನೇ ಒಡೆದರು. ಎತ್ತು ಸಿಗದೆ 1866ರಲ್ಲಿ ಮತ್ತೆ ಶುರು ಮಾಡಬೇಕಾಯ್ತು!

ಕರು ಗಟ್ಟಿಯಾದರೆ ತಾನೇ ಎತ್ತು ಗಟ್ಟಿ?

ಅಂದರೆ ತಳಿ ಅದೇ, ನೆಲ ಅದೇ. ಬದಲಾದದ್ದು ನೋಡಿಕೊಳ್ಳೋ ಕೈ. ಹಂದಿ ಮರಿಗೂ ಬೇಕಾದದ್ದು ದೊಡ್ಡದೇನಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು, ನೆಲದಿಂದ ಒಂದು ಗೇಣು ಎತ್ತರಕ್ಕೆ ಪೈಪು ಕಟ್ಟಿದರೆ ತಾಯಿ ಮಲಗುವಾಗ ಮರಿಗೆ ನುಸುಳೋಕೆ ಜಾಗ. ಮೂಲೆಯಲ್ಲೊಂದು ಬಲ್ಬು, ಒಣ ಹುಲ್ಲು. ಹುಟ್ಟಿದ ಕೂಡಲೇ ಗಿಣ್ಣು ಹಾಲು. ತಾಯಿ ಹಾಲಲ್ಲಿ ಕಬ್ಬಿಣ ಕಮ್ಮಿ, ಹಾಗಾಗಿ ಮೂರನೇ ದಿನದ ಹೊತ್ತಿಗೆ ಕಬ್ಬಿಣದ ಇಂಜೆಕ್ಷನ್.

ಕೆ.ಆರ್.ಪೇಟೆಯ ಹೇಮಗಿರಿ ದನದ ಜಾತ್ರೆಯಲ್ಲಿ ಎತ್ತಿಗೆ ಹೂವು ಮುಡಿಸಿ ನಿಲ್ಲಿಸ್ತೀವಿ. ಹಂದಿಗೆ ಹೂವು ಬೇಡ, ಮೂರು ದಿನದ ಕಾಳಜಿ ಸಾಕು. ಗೆಳೆಯನಿಗೂ ಇದನ್ನೇ ಹೇಳಿ ಬಂದೆ. ಪೈಪು ತರ್ತೀನಿ ಅಂದಿದ್ದಾನೆ, ನೋಡೋಣ.