ಪೇಟೆ, ದಂಡು, ಸೌಧ: ಬೆಂಗಳೂರಿನ ಆಕಾರವೂ ರಾಜ್ಯಾಧಿಕಾರವೂ

ಊರನ್ನು ಕಟ್ಟುವವರು ಕಾಯಕದ ಜನರು. ಆದರೆ ಆ ಊರು ಯಾವ ದಿಕ್ಕಿಗೆ ಬೆಳೆಯತಕ್ಕದ್ದು, ಯಾರು ಎಲ್ಲಿ ವಾಸಿಸತಕ್ಕದ್ದು, ಯಾವ ಕೆರೆಯು ಉಳಿಯತಕ್ಕದ್ದು ಎಂಬುದನ್ನು ನಿರ್ಣಯಿಸುವುದು ರಾಜ್ಯಾಧಿಕಾರವು. ಅಧಿಕಾರವು ಕೈಯಿಂದ ಕೈಗೆ ಹೋದರೂ ಅದು ನೆಲದ ಮೇಲೆ ಎಳೆದ ಗೆರೆಗಳು ಸುಲಭವಾಗಿ ಅಳಿಯುವುದಿಲ್ಲ. ಪರಾಧೀನತೆಯಿಂದ ಬಿಡುಗಡೆ ಹೊಂದಿದ ನಗರಗಳಲ್ಲಿ ಕಂಡುಬರುವ ಈ ಸಂಗತಿಗೆ ಕನ್ನಡ ನಾಡಿನ ರಾಜಧಾನಿಯಾದ ಬೆಂಗಳೂರಿನ ಚರಿತ್ರೆಯು ವಿಶದವಾದ ನಿದರ್ಶನವಾಗಿದೆ.

ಕೆಂಪೇಗೌಡನು 1537ರಲ್ಲಿ ಈ ಪೇಟೆಯನ್ನು ಸ್ಥಾಪಿಸಿದನೆಂದು ಪ್ರಸಿದ್ಧಿಯಿದೆ. ಆ ಪೇಟೆಯ ಬೀದಿಗಳ ಹೆಸರುಗಳೇ ಅದರ ಸ್ವರೂಪವನ್ನು ಸಾರುತ್ತವೆ. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಪ್ರತಿಯೊಂದು ಬೀದಿಯೂ ಅಲ್ಲಿ ನಡೆಯುತ್ತಿದ್ದ ಕಾಯಕದಿಂದ ಹೆಸರನ್ನು ಪಡೆಯಿತು. ಮನೆಯೂ ಅಂಗಡಿಯೂ ಗುಡಿಯೂ ಮಠವೂ ಒಂದಕ್ಕೊಂದು ತಗುಲಿಕೊಂಡಿದ್ದುವು. ಸುತ್ತಲಿನ ಕೆರೆಗಳ ನೀರೇ ಊರಿಗೆ ಜೀವಾಧಾರವಾಗಿದ್ದಿತು.

1809ರಲ್ಲಿ ಆಂಗ್ಲೇಯರು ಶ್ರೀರಂಗಪಟ್ಟಣದಲ್ಲಿದ್ದ ತಮ್ಮ ಸೈನ್ಯವನ್ನು ಇಲ್ಲಿಗೆ ತಂದು, ಪೇಟೆಯ ಪೂರ್ವದಿಕ್ಕಿನಲ್ಲಿ, ಹಲಸೂರಿನ ಬಳಿಯಲ್ಲಿ ದಂಡನ್ನು ನೆಲೆಗೊಳಿಸಿದರು. ಅಲ್ಲಿಂದ ಮುಂದೆ ಬೆಂಗಳೂರು ಒಂದೇ ಹೆಸರಿನ ಎರಡು ಊರುಗಳಾಯಿತು. ದಂಡಿನಲ್ಲಿ ಅಗಲವಾದ ರಸ್ತೆಗಳು, ಕವಾಯತಿನ ಬಯಲು, ತೋಟಗಳ ನಡುವೆ ಬಂಗಲೆಗಳು. ಪೇಟೆಯಲ್ಲಿ ಇಕ್ಕಟ್ಟಾದ ಓಣಿಗಳು, ಒತ್ತಾದ ಮನೆಗಳು. 1862ರಲ್ಲಿ ಎರಡಕ್ಕೂ ಬೇರೆಬೇರೆ ಮುನಿಸಿಪಾಲಿಟಿಗಳು ಏರ್ಪಟ್ಟುವು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದಾಗಲೂ ದಂಡಿನ ಪ್ರದೇಶವನ್ನು ಆಂಗ್ಲೇಯರು ತಮ್ಮ ರೆಸಿಡೆಂಟನ ಕೈಯಲ್ಲಿಯೇ ಇರಿಸಿಕೊಂಡರು. ಎರಡು ಊರುಗಳ ನಡುವೆ 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯೂ 1870ರಲ್ಲಿ ಏರ್ಪಟ್ಟ ಕಬ್ಬನ್ ಉದ್ಯಾನವೂ ನಿಂತುವು. ಕಣ್ಣಿಗೆ ತಂಪಾದ ಆ ಹಸುರು ರಾಜಕೀಯದ ಗಡಿಯೂ ಆಗಿದ್ದಿತು.

1898ರಲ್ಲಿ ಪ್ಲೇಗಿನ ಮಹಾಮಾರಿಯು ಪೇಟೆಯನ್ನು ಹೊಕ್ಕಿತು. ಇಕ್ಕಟ್ಟನ್ನು ಬಿಡಿಸುವುದಕ್ಕಾಗಿ ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ನಿರ್ಮಿತವಾದುವು. ನೇರವಾದ ಬೀದಿಗಳೂ ಗಾಳಿ ಬೆಳಕುಗಳೂ ಅಲ್ಲಿಗೆ ಬಂದುವು. ಆದರೆ ನಿವೇಶನಗಳನ್ನು ಜಾತಿ ಸಮಾಜಗಳ ಪ್ರಕಾರ ಭಾಗಮಾಡಿ ಕೊಟ್ಟದ್ದರಿಂದ, ಹಳೆಯ ಭೇದವು ಹೊಸ ನಕ್ಷೆಯಲ್ಲಿಯೂ ಸ್ಥಾನವನ್ನು ಪಡೆಯಿತು. ಶರಣರು ಅಳಿಸಬಯಸಿದ ಗೆರೆಯನ್ನು ಸರಕಾರದ ಅಳತೆಯ ಸರಪಳಿಯು ಮತ್ತೆ ಎಳೆಯಿತೆಂದು ಹೇಳಬಹುದು.

1947ರಲ್ಲಿ ದಂಡಿನ ಪ್ರದೇಶವು ಮೈಸೂರಿಗೆ ಹಿಂದಿರುಗಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳೂ ಕೂಡಿ ಒಂದೇ ನಗರಸಭೆಯಾದುವು. ಹಳೆಯ ಗಡಿಯ ಮೇಲೆಯೇ ಸ್ವತಂತ್ರ ಪ್ರಜೆಗಳ ಪೀಠವು ಏಳತಕ್ಕದ್ದೆಂದು ಸಂಕಲ್ಪವಾಯಿತು. 1951ರ ಜುಲೈ 13ರಂದು ಪ್ರಧಾನಮಂತ್ರಿ ಜವಾಹರಲಾಲ ನೆಹರೂರವರು ವಿಧಾನಸೌಧದ ಅಸ್ತಿಭಾರದ ಶಿಲೆಯನ್ನಿಟ್ಟರು. ಮರುವರ್ಷ ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯನವರು ಮೊದಲಿನ ಸರಳವಾದ ನಕ್ಷೆಯನ್ನು ಬದಲಾಯಿಸಿ, ದ್ರಾವಿಡ ಶಿಲ್ಪದ ಭವ್ಯ ಮಂದಿರವನ್ನು ಕಟ್ಟಿಸಿದರು. ಆಂಗ್ಲೇಯರ ಕೆಂಪು ಕಚೇರಿಗೆ ಎದುರಾಗಿ, ಅದನ್ನು ಮೀರಿದ ಎತ್ತರದಲ್ಲಿ, ಕಲ್ಲಿನ ಸೌಧವು 1956ರಲ್ಲಿ ಪೂರ್ಣವಾಯಿತು. ಸರಕಾರದ ಕೆಲಸ ದೇವರ ಕೆಲಸವೆಂಬ ಅದರ ಮೇಲಣ ಬರಹವು ಕಾಯಕತತ್ತ್ವವನ್ನು ಬಲ್ಲವರಿಗೆ ಪರಿಚಿತವಾದ ಭಾವವೇ ಸರಿ. ಅದೇ ವರ್ಷದ ನವೆಂಬರ್ 1ರಂದು ಕನ್ನಡ ಪ್ರಾಂತಗಳು ಒಂದುಗೂಡಿದುವು; ಹಳೆಯ ಮೈಸೂರಿಗಾಗಿ ಕಟ್ಟಿದ ಸೌಧವು 19 ಜಿಲ್ಲೆಗಳ ನಾಡಿಗೆ ಆಸ್ಥಾನವಾಯಿತು.

ಆದರೆ ಈ ವೈಭವಕ್ಕೆ ಇನ್ನೊಂದು ಮುಖವೂ ಉಂಟು. ಪೇಟೆಯ ಪಶ್ಚಿಮದ ಧರ್ಮಾಂಬುಧಿ ಕೆರೆಯು ಬತ್ತಿ, ಕಾಲಾಂತರದಲ್ಲಿ ಬಸ್ಸುಗಳ ನಿಲ್ದಾಣವಾಯಿತು. ಸಂಪಂಗಿ ಕೆರೆಯ ನೀರಿನಿಂದ ತೋಟವನ್ನು ಮಾಡುತ್ತಿದ್ದ ತಿಗಳರ ಜೀವನಾಧಾರವು ತಪ್ಪಿ, ಆ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವು ಎದ್ದಿತು. ಕರಗದ ವಿಧಿಗಾಗಿ ಒಂದು ಚಿಕ್ಕ ಕೊಳವು ಮಾತ್ರ ಅಲ್ಲಿ ಉಳಿದಿದೆ. ಕೆರೆಗಳನ್ನು ಬತ್ತಿಸುವ ಪದ್ಧತಿಯು ಪರಕೀಯರ ಕಾಲದಲ್ಲಿ ಮೊದಲಾಯಿತು. ಸ್ವಕೀಯರ ಕಾಲದಲ್ಲಿ ನಿಲ್ಲಲಿಲ್ಲ.

ನಗರವನ್ನು ಬೆಳೆಯಿಸುವ ಅಧಿಕಾರವೂ ನಗರದವರ ಕೈಗೆ ಬರಲಿಲ್ಲ. 1945ರ ನಗರಾಭಿವೃದ್ಧಿ ಮಂಡಲಿಯೂ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವೂ ಬಡಾವಣೆಗಳನ್ನು ವಿಸ್ತರಿಸಿದುವು. ಅವೆರಡೂ ರಾಜ್ಯ ಸರಕಾರಕ್ಕೆ ಅಧೀನವಾದುವುಗಳೇ. 1948ರಲ್ಲಿ ದೂರವಾಣಿ ಕಾರ್ಖಾನೆಯೂ, 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆಯೂ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಕೇಂದ್ರ ಸರಕಾರದ ನೀತಿಯಂತೆ ಸ್ಥಾಪಿತವಾಗಿ, ಊರು ಪೂರ್ವಕ್ಕೂ ಉತ್ತರಕ್ಕೂ ಹಬ್ಬಿತು. 2007ರಲ್ಲಿ ಸುತ್ತಲಿನ 7 ನಗರಸಭೆಗಳೂ 1 ಪುರಸಭೆಯೂ 110 ಹಳ್ಳಿಗಳೂ ಕೂಡಿ ಬೃಹತ್ ಮಹಾನಗರ ಪಾಲಿಕೆಯಾಯಿತು. ಅದರ ಚುನಾಯಿತ ಸಭೆಯ ಅವಧಿಯು 2020ರಲ್ಲಿ ಮುಗಿಯಿತು. ಮರಳಿ ಚುನಾವಣೆಯು ನಡೆಯುವುದಕ್ಕೆ ಮೊದಲೇ, 2025ರಲ್ಲಿ, ಅದನ್ನು 5 ಪಾಲಿಕೆಗಳಾಗಿ ಒಡೆಯಲಾಯಿತು. ಕೂಡಿಸಿದವರೂ ಒಡೆದವರೂ ಸೌಧದಲ್ಲಿದ್ದವರು. ನಡುವಣ 5 ವರ್ಷಗಳ ಕಾಲ ನಗರದ ಪ್ರಜೆಗಳಿಗೆ ತಮ್ಮದೇ ಆದ ಸಭೆಯಿಲ್ಲದೆ ಹೋಯಿತು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ವಿಷಯವು ವೇದ್ಯವಾಗುತ್ತದೆ. ಪೇಟೆಗೂ ದಂಡಿಗೂ ನಡುವೆ ಇದ್ದ ಗಡಿಯು ಶಾಸನದಿಂದ ಅಳಿಯಿತು; ಆದರೆ ಊರಿನ ಆಕಾರವನ್ನು ನಿರ್ಣಯಿಸುವವರಿಗೂ ಊರಿನಲ್ಲಿ ಬಾಳುವವರಿಗೂ ನಡುವಣ ಗಡಿಯು ಅಳಿಯಲಿಲ್ಲ. ಪರಂಪರೆಯು ಹೇಳುವಂತೆ, 12ನೆಯ ಶತಮಾನದ ಕಲ್ಯಾಣದ ಅನುಭವಮಂಟಪದಲ್ಲಿ ಮಡಿವಾಳನೂ ಅಂಬಿಗನೂ ಸಮಗಾರನೂ ಮಹಿಳೆಯರೂ ಸಮಾನವಾಗಿ ಕುಳಿತು ವಿಚಾರ ಮಾಡುತ್ತಿದ್ದರು. ಆ ಮಂಟಪದ ಹಿರಿಮೆಯು ಅದರ ಕಂಬಗಳ ಎತ್ತರದಲ್ಲಿರದೆ, ಅಲ್ಲಿ ಯಾರ ಮಾತಿಗೆ ಸ್ಥಾನವಿತ್ತೆಂಬುದರಲ್ಲಿದ್ದಿತು. ಸ್ಥಾವರವಾದ ಸೌಧವು ಎಷ್ಟೇ ಉನ್ನತವಾಗಿರಲಿ, ಜಂಗಮವಾದ ಜನಜೀವನಕ್ಕೆ ಅದರೊಳಗೆ ಕಿವಿಯಿಲ್ಲವಾದರೆ ನಗರವು ಪೂರ್ಣವಾಗಲಾರದು. ಮಠದ ಈ ಮಹೋತ್ಸವದ ಶುಭಸಂದರ್ಭದಲ್ಲಿ ಸದ್ಭಕ್ತರು ತಮ್ಮ ತಮ್ಮ ಊರಿನ ಕೆರೆ, ಬೀದಿ, ಸಭೆಗಳ ವಿಷಯದಲ್ಲಿ ಈ ತತ್ತ್ವವನ್ನು ಮನನಮಾಡಿ, ಆಚರಣೆಯಲ್ಲಿ ತರುವರಾದರೆ ಚರಿತ್ರೆಯ ಅಧ್ಯಯನವು ಸಾರ್ಥಕವಾಗುವುದು.