ವೈಟ್ ರಿಮ್: ಕೆಂಪು ಕಣಿವೆಗಳ ಅಂಚಿನಲ್ಲಿ 160 ಕಿ.ಮೀ. ಜೀಪ್ ಪಯಣ

ಮರುಭೂಮಿಯಲ್ಲಿ ಸ್ವತಃ ವಾಹನ ಚಲಾಯಿಸಿಕೊಂಡು ರಜೆ ಕಳೆಯಬಯಸುವವರನ್ನು ದೂರದೂರದಿಂದ ಸೆಳೆಯುವ ತಾಣ ಅಮೆರಿಕದ ಉಟಾ ರಾಜ್ಯದ ಕ್ಯಾನಿಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ. 1964ರಲ್ಲಿ ಸ್ಥಾಪನೆಯಾದ ಈ ಉದ್ಯಾನದ ಉತ್ತರ ಭಾಗದಲ್ಲಿ ‘ಐಲ್ಯಾಂಡ್ ಇನ್ ದ ಸ್ಕೈ’ ಎಂಬ ಪ್ರಸ್ಥಭೂಮಿಯಿದೆ. ಅದರ ಪೂರ್ವಕ್ಕೆ ಕೊಲರಾಡೊ, ಪಶ್ಚಿಮಕ್ಕೆ ಗ್ರೀನ್ ನದಿ. ಪ್ರಸ್ಥಭೂಮಿಯಿಂದ ಸಾವಿರ ಅಡಿಗೂ ಹೆಚ್ಚು ಕೆಳಗೆ, ನದಿಗಳಿಗಿಂತ ಮೇಲೆ, ನಡುವಿನ ಮೆಟ್ಟಿಲಿನಂತೆ ಬಿಳಿ ಮರಳುಗಲ್ಲಿನ ಹಾಸು ಚಾಚಿಕೊಂಡಿದೆ. ಅದನ್ನು ಅನುಸರಿಸಿ ಪ್ರಸ್ಥಭೂಮಿಯನ್ನು ಬಳಸಿ ಬರುವ ಸುಮಾರು 160 ಕಿ.ಮೀ. ಕಚ್ಚಾ ಹಾದಿಯೇ ವೈಟ್ ರಿಮ್ ರಸ್ತೆ.

ಈ ಹಾದಿ ಪ್ರವಾಸಿಗರಿಗಾಗಿ ನಿರ್ಮಾಣವಾದುದಲ್ಲ. 1950ರ ದಶಕದಲ್ಲಿ, ಅಣ್ವಸ್ತ್ರ ಪೈಪೋಟಿಯ ಕಾಲದಲ್ಲಿ, ಯುರೇನಿಯಂ ಹುಡುಕುವವರಿಗಾಗಿ ಅಮೆರಿಕದ ಅಣುಶಕ್ತಿ ಆಯೋಗವು ಆಗ್ನೇಯ ಉಟಾದಲ್ಲಿ ನೂರಾರು ಮೈಲಿ ರಸ್ತೆ ನಿರ್ಮಿಸಿತು. ಇಂದಿನ ಉದ್ಯಾನದ ವ್ಯಾಪ್ತಿಯಲ್ಲಿ ದೊರೆತ ಅದಿರು ಅಲ್ಪ. ಉಳಿದದ್ದು ರಸ್ತೆ ಮಾತ್ರ. ಪ್ರಸ್ಥಭೂಮಿಯಿಂದ ಕೆಳಗಿಳಿಯುವ ಶೇಫರ್ ದಾರಿಯಲ್ಲಿ ಮೊದಲು ದನಗಾಹಿಗಳು ಜಾನುವಾರು ಹೊಡೆದುಕೊಂಡು ಹೋಗುತ್ತಿದ್ದರು. ನಂತರ ಅದೇ ದಾರಿಯನ್ನು ಅದಿರಿನ ಲಾರಿಗಳಿಗಾಗಿ ಅಗಲ ಮಾಡಲಾಯಿತು.

ಸಮೀಪದ ಊರು ಮೋವ್ಯಾಬ್. ಇಂಧನ, ಆಹಾರ, ಬಾಡಿಗೆ ಜೀಪು ಎಲ್ಲವೂ ಅಲ್ಲಿಯೇ ಸಿಗಬೇಕು. ಶೇಫರ್ ತಿರುವುಗಳನ್ನು ಇಳಿದ ಬಳಿಕ ಮಸಲ್‌ಮನ್ ಕಲ್ಲುಕಮಾನು ಎದುರಾಗುತ್ತದೆ. ಅದರ ಮೇಲೆ ನಡೆಯುವುದಕ್ಕೆ ನಿಷೇಧವಿದೆ. ದಕ್ಷಿಣದ ತುದಿಯಲ್ಲಿ ವೈಟ್ ಕ್ರ್ಯಾಕ್, ನಂತರ ಮರ್ಫಿ ಹಾಗ್‌ಬ್ಯಾಕ್ ಏರು, ಪಶ್ಚಿಮದಲ್ಲಿ ಗ್ರೀನ್ ನದಿಯ ದಡ ಮತ್ತು ಹಾರ್ಡ್‌ಸ್ಕ್ರ್ಯಾಬಲ್ ಗುಡ್ಡ. ವಾಹನದಲ್ಲಿ ಹೋಗುವವರು ಸಾಮಾನ್ಯವಾಗಿ ಎರಡರಿಂದ ಮೂರು ದಿನ ತೆಗೆದುಕೊಳ್ಳುತ್ತಾರೆ. ಒಂದೇ ದಿನದಲ್ಲಿ ಮುಗಿಸುವವರೂ ಉಂಟು. ಅಂಥವರಿಗೆ ದೃಶ್ಯಕ್ಕಿಂತ ಸ್ಟಿಯರಿಂಗೇ ಹೆಚ್ಚು ಕಾಣುವುದು.

ನಗರದ ರಸ್ತೆಗಳಲ್ಲಿ ಓಡಾಡುವ ಎಸ್‌ಯುವಿ ಇಲ್ಲಿ ಸಾಲದು. ನೆಲದಿಂದ ಸಾಕಷ್ಟು ಎತ್ತರವಿರುವ, ಲೋ ರೇಂಜ್ ಗೇರ್ ಉಳ್ಳ ಫೋರ್ ವೀಲ್ ಡ್ರೈವ್ ವಾಹನ ಕಡ್ಡಾಯ. ‘ಆಲ್ ವೀಲ್ ಡ್ರೈವ್’ ಎಂಬ ಬರಹವನ್ನು ನಂಬಿ ಮೋಸ ಹೋಗಬಾರದು. ಅಂಥ ಅನೇಕ ಕಾರುಗಳಲ್ಲಿ ಲೋ ರೇಂಜ್ ಇರುವುದಿಲ್ಲ. ವಿಮಾನ ನಿಲ್ದಾಣಗಳಲ್ಲಿ ಬಾಡಿಗೆಗೆ ದೊರೆಯುವ ಕಾರುಗಳ ಕರಾರಿನಲ್ಲಿ ಕಚ್ಚಾ ರಸ್ತೆಗೆ ಸಾಮಾನ್ಯವಾಗಿ ಅನುಮತಿಯೂ ಇರದು. ಮಧ್ಯದಲ್ಲಿ ವಾಹನ ಕೆಟ್ಟರೆ ಎಳೆದು ತರಿಸುವ ವೆಚ್ಚವೇ ಸಾವಿರ ಡಾಲರ್ ದಾಟಬಹುದು. ಸ್ಟೆಪ್ನಿ, ಜಾಕ್, ಗಾಳಿ ಪಂಪು ಮತ್ತು ಸಲಿಕೆಯನ್ನು ಹೊರಡುವ ಮುನ್ನವೇ ಪರೀಕ್ಷಿಸಿಕೊಳ್ಳಬೇಕು.

ಎಲ್ಲಕ್ಕಿಂತ ಗಂಭೀರವಾದ ಪ್ರಶ್ನೆ ನೀರಿನದು. ಇಡೀ ಹಾದಿಯಲ್ಲಿ ಕುಡಿಯುವ ನೀರು ಎಲ್ಲಿಯೂ ಇಲ್ಲ. ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಲೆಕ್ಕದಲ್ಲಿ ನೀರು ಒಯ್ಯಬೇಕು. ವಾಹನ ನಿಂತುಹೋದರೆ ನೆರವು ಬರಲು ತಗಲುವ ಕಾಲಕ್ಕಾಗಿ ಇನ್ನಷ್ಟು ಬೇಕು. ಬಹುಪಾಲು ಕಡೆ ಮೊಬೈಲ್ ಸಂಪರ್ಕ ಸಿಗದು. ಬೇಸಿಗೆಯಲ್ಲಿ ಉಷ್ಣಾಂಶ 38 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಆದ್ದರಿಂದ ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಮಧ್ಯಭಾಗದಿಂದ ಅಕ್ಟೋಬರ್‌ವರೆಗಿನ ಅವಧಿಯೇ ಲೇಸು.

ವಿಚಿತ್ರವೆಂದರೆ, ನೀರಿಲ್ಲದ ಈ ನೆಲದಲ್ಲಿ ನೀರೇ ದಾರಿಯನ್ನೂ ಕಡಿಯಬಲ್ಲದು. ಗ್ರೀನ್ ನದಿ ಉಕ್ಕಿದಾಗ ಪಶ್ಚಿಮದ ತಗ್ಗು ಭಾಗ ಮುಳುಗುತ್ತದೆ. 2010ರ ಆಗಸ್ಟ್‌ನಲ್ಲಿ ಹಠಾತ್ ಪ್ರವಾಹಕ್ಕೆ ಮಿನರಲ್ ಬಾಟಮ್‌ನ ಏರುತಿರುವುಗಳು ಕೊಚ್ಚಿಹೋಗಿ, ದುರಸ್ತಿಯಾಗಿ ಮತ್ತೆ ತೆರೆದದ್ದು 2011ರಲ್ಲಿ.

ಹಾದಿ ಬಿಟ್ಟು ಒಂದು ಗಾಲಿಯೂ ಇಳಿಯಕೂಡದು ಎಂಬ ನಿಯಮಕ್ಕೆ ಕಾರಣವಿದೆ. ರಸ್ತೆಯ ಪಕ್ಕದ ಕಪ್ಪನೆಯ ಗಂಟುಗಂಟಾದ ಮಣ್ಣು ಜೀವಂತವಾದುದು. ಸೈನೊಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆಗಳು ಸೇರಿ ಮರಳನ್ನು ಹಿಡಿದಿಟ್ಟು, ತೇವ ಉಳಿಸಿ, ಗಿಡಗಳಿಗೆ ಸಾರಜನಕ ಒದಗಿಸುತ್ತವೆ. ಒಮ್ಮೆ ಟೈರಿನಡಿ ನುಗ್ಗಾದ ಈ ಪದರ ಚೇತರಿಸಿಕೊಳ್ಳಲು ದಶಕಗಳೇ ಬೇಕು.

2015ರಿಂದ ಹಗಲಿನ ಪ್ರಯಾಣಕ್ಕೂ ಪರವಾನಗಿ ಅಗತ್ಯವಾಗಿದೆ. ರಾತ್ರಿ ತಂಗುವವರು ನಿಗದಿತ ಶಿಬಿರ ತಾಣಗಳನ್ನೇ ಕಾಯ್ದಿರಿಸಬೇಕು. ವಸಂತ ಮತ್ತು ಶರತ್ಕಾಲದ ತಾಣಗಳು ತಿಂಗಳುಗಳ ಮುಂಚೆಯೇ ಭರ್ತಿಯಾಗುತ್ತವೆ. ಸೌದೆ ಉರಿಸುವಂತಿಲ್ಲ. ನಾಯಿಗಳನ್ನು ವಾಹನದೊಳಗೂ ಒಯ್ಯುವಂತಿಲ್ಲ.